ಪುಸ್ತಕದ ಬದನೆಕಾಯಿ: ಅಂಪೈರ್ ಆಗುವವರು ನಿಯಮ ಓದಬೇಕಾದ ಬಗೆ

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. 2022ರ ನವೆಂಬರಿನ ಒಂದು ಭಾನುವಾರ, ಮುಂಬಯಿಯ ಕ್ರಾಸ್ ಮೈದಾನದಲ್ಲಿ ಎರಡು ಕಚೇರಿ ತಂಡಗಳ ಕ್ರಿಕೆಟ್ ಪಂದ್ಯ, ಅಂಪೈರ್ ನಾನು. ಬ್ಯಾಟರ್ ಎತ್ತಿ ಹೊಡೆದ ಚೆಂಡು ಮಿಡ್‌ಆಫ್‌ನವನ ಕೈಗೆ ಬೀಳುವಷ್ಟರಲ್ಲಿ ಇಬ್ಬರು ಬ್ಯಾಟರುಗಳೂ ಓಡಿ ಒಬ್ಬರನ್ನೊಬ್ಬರು ದಾಟಿಯಾಗಿತ್ತು. ಕ್ಯಾಚ್ ಸರಿ, ಔಟ್ ಸರಿ. ಹೊಸಬ ಒಳಗೆ ಬಂದಾಗ ನಾನೇ ಕೈ ಮಾಡಿ ಅವನನ್ನು ನನ್ನ ಪಕ್ಕದ ತುದಿಗೆ ಕರೆದೆ. ಅರವತ್ತು ದಾಟಿಸಿ ನಿಂತಿದ್ದ ಇನ್ನೊಬ್ಬ ಸ್ಟ್ರೈಕಿಗೆ, ಅಂದರೆ ಚೆಂಡು ಎದುರಿಸುವ ತುದಿಗೆ, ಹೋದ. ಮುಂದಿನ ಮೂರು ಎಸೆತಗಳಲ್ಲಿ ಎರಡು ಬೌಂಡರಿ. ನೀರಿನ ವಿರಾಮದಲ್ಲಿ ಸ್ಕೋರರ್ ಹುಡುಗಿ, ಇಪ್ಪತ್ತು ತುಂಬಿರಲಿಕ್ಕಿಲ್ಲ, ಹತ್ತಿರ ಬಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು: "ಸರ್, ಅದು ಅಕ್ಟೋಬರ್ ಒಂದರಿಂದ ಬದಲಾಯಿತಲ್ಲವೇ?"

ಬದಲಾಗಿತ್ತು. ಕ್ಯಾಚ್ ಔಟಾದರೆ, ದಾಟಿರಲಿ ಬಿಡಲಿ, ಹೊಸದಾಗಿ ಬಂದವನೇ ಸ್ಟ್ರೈಕಿನ ತುದಿಯಲ್ಲಿ ನಿಲ್ಲಬೇಕು. ಓವರ್ ಮುಗಿದಿದ್ದರೆ ಮಾತ್ರ ಬೇರೆ. ನಾನು ಅದನ್ನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದಿದ್ದೆ. ಆದರೆ ನನ್ನ ಕೈಗೆ 24 ವರ್ಷಗಳ ಹಳೆಯ ಅಭ್ಯಾಸವಿತ್ತು, ಕೈ ಅದರ ಮಾತನ್ನೇ ಕೇಳಿತು. ತಿದ್ದಿಕೊಳ್ಳುವ ಹೊತ್ತೂ ಮೀರಿತ್ತು: ಅಂಪೈರ್ ತನ್ನ ತೀರ್ಪನ್ನು ಬದಲಿಸಬಹುದು, ಆದರೆ ಒಡನೆಯೇ ಬದಲಿಸಬೇಕು ಎಂದು 2ನೇ ನಿಯಮ ಹೇಳುತ್ತದೆ. ಮೂರು ಎಸೆತ ಕಳೆದ ಮೇಲೆ ಒಡನೆ ಎಂಬುದು ಉಳಿದಿರುವುದಿಲ್ಲ. ಎರಡೂ ನಾಯಕರನ್ನು ಕರೆದು ತಪ್ಪಾಯಿತೆಂದು ಹೇಳಿದೆ. ಒಬ್ಬ ನಕ್ಕ, ಇನ್ನೊಬ್ಬ ನಗಲಿಲ್ಲ.

ಈಗ ನನ್ನ ಸೋದರಳಿಯ ಅಂಪೈರ್ ಪರೀಕ್ಷೆಗೆ ಕೂರಬೇಕೆಂದು ಹೊರಟಿದ್ದಾನೆ. "ಮಾವ, ಆ ಪುಸ್ತಕವನ್ನು ಓದುವುದು ಹೇಗೆ?" ಎಂದು ಕೇಳಿದ. ಅವನಿಗೆ ಕಂತುಕಂತಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡೊಂಬಿವಿಲಿಯಲ್ಲೋ ಮಾಟುಂಗದಲ್ಲೋ ಕುಳಿತು ಇದೇ ಯೋಚನೆ ಮಾಡುತ್ತಿರುವ ಬೇರೆ ಕನ್ನಡದ ಹುಡುಗರಿಗೂ ಹುಡುಗಿಯರಿಗೂ ಉಪಯೋಗಕ್ಕೆ ಬರಲಿ.

ಪುಸ್ತಕ ಯಾವುದು

ಕ್ರಿಕೆಟಿನ ನಿಯಮಗಳ ಒಡೆತನ ಲಂಡನ್ನಿನ ಎಂಸಿಸಿಯದು (ಮೆರಿಲ್ಬೋನ್ ಕ್ರಿಕೆಟ್ ಕ್ಲಬ್). ಮೊದಲ ಸಂಹಿತೆ ಬರೆದದ್ದು 1744ರಲ್ಲಿ, ಎಂಸಿಸಿ ತನ್ನದನ್ನು ಹೊರಡಿಸಿದ್ದು 1788ರಲ್ಲಿ. ನಾನು ಇಲ್ಲಿ ಹೇಳುವ ನಿಯಮಗಳ ಸಂಖ್ಯೆಗಳೆಲ್ಲ 2017ರ ಅಕ್ಟೋಬರ್ 1ರಂದು ಜಾರಿಗೆ ಬಂದ ಸಂಹಿತೆಯವು. ಅದಕ್ಕೆ 2019ರಲ್ಲೂ 2022ರಲ್ಲೂ ತಿದ್ದುಪಡಿಯಾಯಿತು. ಒಟ್ಟು 42 ನಿಯಮ. ಎಂಸಿಸಿಯ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಪ್ರತಿ ಹಂಗಾಮಿಗೆ ಮುಂಚೆ ಅಲ್ಲಿ ಹೋಗಿ ತಿದ್ದುಪಡಿ ಬಂದಿದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹಿರಿಯ ಅಂಪೈರ್ ಯಾರಾದರೂ ಪ್ರೀತಿಯಿಂದ ತಮ್ಮ ಹಳೆಯ ಪುಸ್ತಕ ಕೊಟ್ಟರೆ ಕೈಮುಗಿದು ತೆಗೆದುಕೊಳ್ಳಿ, ಕಪಾಟಿನಲ್ಲಿಡಿ, ಅದರಿಂದ ಓದಬೇಡಿ. ಅದರಲ್ಲಿ ಅಪೀಲ್ (ಔಟೇ ಎಂದು ಫೀಲ್ಡಿಂಗ್ ತಂಡ ಅಂಪೈರನ್ನು ಕೇಳುವುದು) 27ನೇ ನಿಯಮ, ಈಗ 31. ಡೆಡ್ ಬಾಲ್ ಆಗ 23, ಈಗ 20. ಚೆಂಡನ್ನು ಕೈಯಿಂದ ಮುಟ್ಟಿ ಔಟಾಗುವುದು ಆಗ ಬೇರೆಯೇ ನಿಯಮ, 2017ರಿಂದ ಅದು ಫೀಲ್ಡಿಂಗಿಗೆ ಅಡ್ಡಿಪಡಿಸುವ 37ನೇ ನಿಯಮದ ಹೊಟ್ಟೆಯೊಳಗೆ ಸೇರಿಹೋಗಿದೆ. ಎರಡಕ್ಕಿಂತ ಹೆಚ್ಚು ಸಲ ಪುಟಿದು ಬಂದರೆ ನೋಬಾಲ್ ಎಂಬುದು ಒಂದಕ್ಕಿಂತ ಹೆಚ್ಚು ಸಲ ಎಂದಾಗಿದೆ. ಎಲ್‌ಬಿಡಬ್ಲ್ಯು (ವಿಕೆಟ್ಟಿಗೆ ಬಡಿಯಬೇಕಿದ್ದ ಚೆಂಡನ್ನು ಮೈಯಿಂದ ತಡೆದು ಔಟಾಗುವುದು) ಮಾತ್ರ ಆಗಲೂ 36, ಈಗಲೂ 36. ಅದೊಂದು ಅಲುಗಲಿಲ್ಲ ನೋಡಿ.

ಒಂದರಿಂದ ನಲವತ್ತೆರಡಕ್ಕೆ ಹೋಗಬೇಡಿ

ಶಾಲೆಯ ಪಾಠದಂತೆ 1ನೇ ನಿಯಮದಿಂದ ಹೊರಟವರು ಹೆಚ್ಚಾಗಿ 9ರ ಹತ್ತಿರ, ಹುಲ್ಲು ಕತ್ತರಿಸುವುದು, ರೋಲರ್ ಎಳೆಯುವುದು ಬಂದಾಗ ಕೈ ಬಿಡುತ್ತಾರೆ. ನಾನು ಸೋದರಳಿಯನಿಗೆ ಹೇಳಿದ್ದು, ಮೊದಲು 20, ಅಂದರೆ ಡೆಡ್ ಬಾಲ್ ನಿಯಮ, ಓದು ಎಂದು. ಚೆಂಡು ಯಾವಾಗ ಜೀವಂತ, ಯಾವಾಗ ಸತ್ತದ್ದು, ಅಂದರೆ ಆಟ ಯಾವಾಗ ನಡೆಯುತ್ತಿದೆ, ಯಾವಾಗ ನಿಂತಿದೆ ಎಂಬುದು ತಿಳಿಯದಿದ್ದರೆ ಉಳಿದದ್ದೆಲ್ಲ ತಿಳಿದೂ ಉಪಯೋಗವಿಲ್ಲ. ರನೌಟ್, ಸ್ಟಂಪಿಂಗ್, ಓವರ್‌ಥ್ರೋ ಎಲ್ಲವೂ ಚೆಂಡು ಬದುಕಿದ್ದರೆ ತಾನೇ?

ಮುಂಬಯಿಯವರಿಗೆ ಈ ನಿಯಮ ಇನ್ನೂ ಹತ್ತಿರದ್ದು. ಆಜಾದ್ ಮೈದಾನವನ್ನು ಕಂಡವರಿಗೆ ಗೊತ್ತು, ಒಂದು ಪಂದ್ಯದ ಕವರ್ ಇನ್ನೊಂದು ಪಂದ್ಯದ ಸ್ಕ್ವೇರ್ ಲೆಗ್. ನಮ್ಮ ಬ್ಯಾಟರಿಗೆ ಬೆನ್ನು ಹಾಕಿ ಬೇರೆ ಯಾವುದೋ ಪಂದ್ಯದ ಫೀಲ್ಡರ್ ಬಗ್ಗಿ ನಿಂತಿರುತ್ತಾನೆ. ನಡುವೆ ಸ್ಟೇಷನ್ನಿಗೆ ಹೋಗುವ ದಾರಿಹೋಕರು, ನಾಯಿ. 2022ರಲ್ಲಿ 20ನೇ ನಿಯಮಕ್ಕೆ ಸೇರಿಸಿದ ಒಂದು ಉಪವಾಕ್ಯ ನಮ್ಮ ಮೈದಾನ ನೋಡಿಯೇ ಬರೆದಂತಿದೆ: ಆಟದ ಅಂಗಳದೊಳಗಿನ ವ್ಯಕ್ತಿ, ಪ್ರಾಣಿ ಅಥವಾ ವಸ್ತುವಿನಿಂದ ಯಾವುದಾದರೂ ಒಂದು ತಂಡಕ್ಕೆ ಅನನುಕೂಲವಾದರೆ ಅಂಪೈರ್ ಡೆಡ್ ಬಾಲ್ ಕರೆಯಬೇಕು. ಇಲ್ಲಿ ಹಿಡಿದುಕೊಳ್ಳಬೇಕಾದ ಪದ ನಾಯಿಯಲ್ಲ, ಅನನುಕೂಲ. ನಾಯಿ ಥರ್ಡ್‌ಮ್ಯಾನಿನಲ್ಲಿ ಮಲಗಿದೆ, ಚೆಂಡು ಮಿಡ್‌ವಿಕೆಟ್ಟಿಗೆ ಹೋಯಿತು, ನಾಯಿಗೂ ಆಟಕ್ಕೂ ಸಂಬಂಧವಿಲ್ಲ. ಪಕ್ಕದ ಪಂದ್ಯದವನಿಗೆ ಡಿಕ್ಕಿ ಹೊಡೆದು ನಮ್ಮ ಫೀಲ್ಡರ್ ಕ್ಯಾಚ್ ಬಿಟ್ಟ, ಸಂಬಂಧವಿದೆ. ಯಾರೋ ಒಳಗೆ ಬಂದರೆಂದು ಸಿಕ್ಕಿದ ಎಸೆತಕ್ಕೆಲ್ಲ ಕೈ ಅಡ್ಡಾಡಿಸಿ ಡೆಡ್ ಬಾಲ್ ಕೊಡುತ್ತಿದ್ದರೆ ಆಜಾದ್ ಮೈದಾನದಲ್ಲಿ ಸಂಜೆಯವರೆಗೆ ಹತ್ತು ಓವರ್ ಆಗುವುದಿಲ್ಲ.

20 ಆದ ಮೇಲೆ 31, ಅಂದರೆ ಅಪೀಲ್. ಆಮೇಲೆ 21, 22, ಅಂದರೆ ನೋಬಾಲ್ ಮತ್ತು ವೈಡ್. ಆಮೇಲೆ 29 ಮತ್ತು 30, ವಿಕೆಟ್ ಮುರಿಯುವುದು (ಸ್ಟಂಪುಗಳ ಮೇಲಿನ ಪುಟ್ಟ ಮರದ ತುಂಡುಗಳಾದ ಬೇಲ್ಸ್ ಉದುರುವುದು) ಎಂದರೇನು, ಬ್ಯಾಟರ್ ತನ್ನ ನೆಲದಲ್ಲಿರುವುದು ಎಂದರೇನು. ಇವು ಗಟ್ಟಿಯಾದ ಮೇಲೆ 32ರಿಂದ 40, ಔಟಾಗುವ ಬಗೆಗಳು, ಸರಾಗವಾಗಿ ಬಾಯಿಗೆ ಇಳಿಯುತ್ತವೆ. ರನ್ನಿನ ಲೆಕ್ಕದ 18, 19, 23 ಒಟ್ಟಿಗೆ. ನಡತೆಗೆ ಸಂಬಂಧಿಸಿದ 41, 42 ಕೊನೆಗೆ, ನಿಧಾನವಾಗಿ. ಪಿಚ್, ಕ್ರೀಸ್, ಸ್ಟಂಪುಗಳ ಅಳತೆಯ 6, 7, 8ನ್ನು ಓದಿ ನೆನಪಿಡಲು ಹೋಗಲೇಬೇಡಿ. ದರ್ಜಿಯ ಟೇಪು ಸಾಲದು, ಗೌಂಡಿಗಳ ಉದ್ದನೆಯ ಟೇಪು ತೆಗೆದುಕೊಂಡು ಮೈದಾನಕ್ಕೆ ಹೋಗಿ ಅಳೆಯಿರಿ: ಪಿಚ್ 20.12 ಮೀಟರ್, ಸ್ಟಂಪಿನಿಂದ ಪಾಪಿಂಗ್ ಕ್ರೀಸ್ (ಬ್ಯಾಟರಿನ ನೆಲದ ಗೆರೆ) 1.22 ಮೀಟರ್, ಸ್ಟಂಪಿನ ಎತ್ತರ 71.12 ಸೆಂಟಿಮೀಟರ್. ಒಮ್ಮೆ ಮೊಣಕಾಲೂರಿ ಅಳೆದದ್ದು ಮತ್ತೆ ಮರೆಯುವುದಿಲ್ಲ.

ಕನ್ನಡದ ನೋಟುಬುಕ್ಕು

ಈ ಭಾಗವನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ನನಗೆ ಬಂದ ವಿದ್ಯೆ ಇದೊಂದೇ.

ನಾನು ಕುಂದಾಪುರದ ಕಡೆಯಿಂದ 1979ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವನು. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ. ಮುಂದೆ ಬ್ಯಾಂಕಿನಲ್ಲಿ ಗುಮಾಸ್ತನಾದೆ, ಬ್ಯಾಂಕಿನ ತಂಡಕ್ಕೆ ಆಡಿದೆ, ಮೊಣಕಾಲು ಕೈಕೊಟ್ಟ ಮೇಲೆ ಅಂಪೈರಿಂಗಿಗೆ ಇಳಿದೆ. ನಿಯಮ ಪುಸ್ತಕ ಮೊದಲ ಸಲ ಕೈಗೆ ಬಂದಾಗ ಅದರ ಇಂಗ್ಲಿಷು ನನಗೆ ಕಬ್ಬಿಣದ ಕಡಲೆಯಾಗಿತ್ತು. ರಾತ್ರಿ ಶಾಲೆಯ ನಮ್ಮ ಮಾಸ್ತರರು ಕಷ್ಟದ ಪಾಠ ಬಂದಾಗಲೆಲ್ಲ ಪುಸ್ತಕ ಮುಚ್ಚಿಸಿ, ಊರಿನಲ್ಲಿರುವ ಅಮ್ಮನಿಗೆ ಕಾಗದ ಬರೆಯುವ ಹಾಗೆ ಅದನ್ನೇ ಬರೆ ಎನ್ನುತ್ತಿದ್ದರು. ಅದು ನೆನಪಾಯಿತು. ಇನ್ನೂರು ಪುಟದ ನೋಟುಬುಕ್ಕು ತಂದು ಡೆಡ್ ಬಾಲ್ ನಿಯಮವನ್ನು ಕನ್ನಡದಲ್ಲಿ ಬರೆಯಲು ಕುಳಿತೆ. ಅಮ್ಮನಿಗೆ ಕ್ರಿಕೆಟ್ಟಿನ ಗಂಧಗಾಳಿಯೂ ಇರಲಿಲ್ಲ, ಅದೇ ಅನುಕೂಲವಾಯಿತು.

ಬರೆಯುತ್ತ ಹೋದಂತೆ ಗೊತ್ತಾಯಿತು, ಇಂಗ್ಲಿಷಿನಲ್ಲಿ ಓದುವಾಗ ಅರ್ಥವಾದಂತೆ ಕಾಣುವ ಜಾಗಗಳಲ್ಲೇ ಕನ್ನಡ ನಿಂತುಬಿಡುತ್ತದೆ. ಪದ ಸಿಗದೆ ನಿಂತದ್ದಲ್ಲ, ಅರ್ಥ ಸಿಗದೆ. ಮೊದಲು ನಿಂತದ್ದು ಎರಡು ಪುಟ್ಟ ಪದಗಳ ಮೇಲೆ, 'ಶಲ್' ಮತ್ತು 'ಮೇ'. ಎರಡಕ್ಕೂ 'ಬಹುದು' 'ಬೇಕು' ಎಂದು ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೆ. ಆಮೇಲೆ ಸರ್ಕಾರಿ ಆದೇಶಗಳ ಕನ್ನಡ ನೆನಪಾಯಿತು. 'ಶಲ್' ಬಂದಲ್ಲೆಲ್ಲ 'ತಕ್ಕದ್ದು', 'ಮೇ' ಬಂದಲ್ಲೆಲ್ಲ 'ಬಹುದು' ಎಂದು ಕಟ್ಟುನಿಟ್ಟು ಮಾಡಿಕೊಂಡೆ. ಅಪೀಲ್ ಇಲ್ಲದೆ ಅಂಪೈರ್ ಔಟ್ ಕೊಡತಕ್ಕದ್ದಲ್ಲ. ಫೀಲ್ಡಿಂಗ್ ನಾಯಕ ಅಪೀಲನ್ನು ಹಿಂತೆಗೆದುಕೊಳ್ಳಬಹುದು, ಆದರೆ ಅಂಪೈರರ ಒಪ್ಪಿಗೆ ಪಡೆದೇ. ಓದಲು ಗ್ರಾಮ ಪಂಚಾಯಿತಿಯ ನೋಟಿಸಿನಂತಿದೆ, ಇರಲಿ. ಎಲ್ಲಿ ನನಗೆ ಆಯ್ಕೆ ಇದೆ, ಎಲ್ಲಿ ಇಲ್ಲ ಎಂಬುದು ಕಣ್ಣಿಗೆ ರಾಚುತ್ತದೆ. ಅಂಪೈರಿಗೆ ಅದಕ್ಕಿಂತ ಹೆಚ್ಚು ಬೇಕಾದ್ದೇನಿದೆ?

ಎರಡನೆಯದಾಗಿ ನಿಂತದ್ದು ಲೆಗ್ ಬೈ ಹತ್ತಿರ. ಚೆಂಡು ಕಾಲಿಗೆ ಬಡಿದು ಹೋದರೆ ರನ್ ಎಂದು ನಾವೆಲ್ಲ ಗಲ್ಲಿಯಲ್ಲಿ ಕಲಿತದ್ದು. ನಿಯಮ ಹಾಗೆ ಹೇಳುವುದಿಲ್ಲ. ಒಂದೋ ಅವನು ಬ್ಯಾಟಿನಿಂದ ಆಡಲು ನೋಡಿರಬೇಕು, ಇಲ್ಲವೇ ಪೆಟ್ಟು ತಪ್ಪಿಸಿಕೊಳ್ಳಲು ನೋಡಿರಬೇಕು. ಎರಡೂ ಇಲ್ಲದೆ ಸುಮ್ಮನೆ ಪ್ಯಾಡ್ ಮುಂದಿಟ್ಟು ನಿಂತಿದ್ದರೆ ರನ್ ಇಲ್ಲ. ಮೊದಲ ರನ್ ಪೂರೈಸಿದೊಡನೆ ಅಥವಾ ಚೆಂಡು ಬೌಂಡರಿ ಮುಟ್ಟಿದೊಡನೆ ಡೆಡ್ ಬಾಲ್ ಕರೆದು ಇಬ್ಬರನ್ನೂ ಮೊದಲಿದ್ದ ತುದಿಗೆ ಕಳಿಸಬೇಕು. ಇದನ್ನು ಮೊದಲ ಸಲ ಜಾರಿ ಮಾಡಿದಾಗ ಬ್ಯಾಟಿಂಗ್ ತಂಡದವರು ನನ್ನನ್ನು ಪುಸ್ತಕದ ಬದನೆಕಾಯಿ ಎಂಬರ್ಥದ ಮರಾಠಿ ಮಾತಿನಿಂದ ಸತ್ಕರಿಸಿದರು. ಅಲ್ಲಿಂದಾಚೆಗೆ ನಾನೇ ನೋಟುಬುಕ್ಕಿನ ಮೇಲೆ ಬದನೆಕಾಯಿಯ ಚಿತ್ರ ಬರೆದಿಟ್ಟುಕೊಂಡಿದ್ದೇನೆ.

ಎಲ್‌ಬಿಡಬ್ಲ್ಯುವನ್ನು ವಾಕ್ಯವಾಗಿ ಬರೆಯಬೇಡಿ, ಪ್ರಶ್ನೆಗಳಾಗಿ ಒಡೆಯಿರಿ, ಅದೇ ಸಾಲಿನಲ್ಲಿ. ನೋಬಾಲ್ ಅಲ್ಲ ತಾನೇ? ಪುಟಿದದ್ದು ಲೆಗ್ ಸ್ಟಂಪಿನ ಹೊರಗಲ್ಲ ತಾನೇ? ಮೊದಲು ಬ್ಯಾಟಿಗೆ ತಾಗಲಿಲ್ಲ ತಾನೇ? ಮೈಗೆ ತಾಗಿದ್ದು ಸ್ಟಂಪುಗಳ ನೇರದಲ್ಲೇ? ಆಫ್ ಸ್ಟಂಪಿನ ಹೊರಗೆ ತಾಗಿದ್ದರೆ, ಅವನು ನಿಜವಾಗಿ ಆಡಲು ನೋಡಿದನೇ ಅಥವಾ ನಾಟಕವೇ? ಕೊನೆಗೆ, ತಡೆಯದಿದ್ದರೆ ವಿಕೆಟ್ಟಿಗೆ ಬಡಿಯುತ್ತಿತ್ತೇ? ಜನರೂ ಬೌಲರೂ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತಾರೆ, ಅದರಲ್ಲೇ ಮುಗಿಸುತ್ತಾರೆ. ನೀವು ಮೊದಲನೆಯದರಿಂದ ಹೊರಟರೆ ಅರ್ಧಕ್ಕರ್ಧ ಅಪೀಲುಗಳು ಎರಡನೆಯ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು 19ನೇ ನಿಯಮ. ನನ್ನ ನೋಟುಬುಕ್ಕಿನಲ್ಲಿ ಅತಿ ಹೆಚ್ಚು ಸಲ ಹೊಡೆದು ಬರೆದ ಪುಟ ಅದು. ಫೀಲ್ಡರ್ ಎಸೆದ ಚೆಂಡು ಗುರಿ ತಪ್ಪಿ ಓವರ್‌ಥ್ರೋ ಆಗಿ ಬೌಂಡರಿಗೆ ಹೋದರೆ ಎಷ್ಟು ರನ್? ಬೌಂಡರಿಯ ನಾಲ್ಕು, ಜೊತೆಗೆ ಓಡಿ ಮುಗಿಸಿದ ರನ್ನುಗಳು. ಅರ್ಧ ದಾರಿಯಲ್ಲಿದ್ದ ರನ್ನು? ಅದರ ಬಗ್ಗೆ ನಾನು ಮೊದಲು ಬರೆದದ್ದು, "ಬ್ಯಾಟರ್‌ಗಳು ದಾಟಿದರೆ ಅದೂ ಸೇರುತ್ತದೆ" ಎಂದು. ಒಂದು ವಾರ ಬಿಟ್ಟು ಓದಿದಾಗ ಏನೋ ತಪ್ಪಿದೆ ಎನ್ನಿಸಿತು. ಯಾವಾಗ ದಾಟಿದರೆ? ಮೂಲವನ್ನು ಮತ್ತೆ ನೋಡಿದೆ. ಫೀಲ್ಡರ್ ಎಸೆದ ಕ್ಷಣಕ್ಕೆ ಅವರು ಆಗಲೇ ದಾಟಿ ಆಗಿರಬೇಕು. ಅಂದರೆ 'ದಾಟಿದರೆ' ಅಲ್ಲ, 'ದಾಟಿದ್ದರೆ'. ದಕಾರಕ್ಕೆ ಒಂದು ಒತ್ತು, ಅಷ್ಟೇ.

ಆ ಒತ್ತಿನ ಬೆಲೆ 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ಜಗತ್ತಿಗೇ ಗೊತ್ತಾಯಿತು. ವಿಶ್ವಕಪ್ ಫೈನಲ್, ಕೊನೆಯ ಓವರ್, ಇಂಗ್ಲೆಂಡಿಗೆ ಮೂರು ಎಸೆತಗಳಲ್ಲಿ ಒಂಬತ್ತು ಬೇಕು. ಬೆನ್ ಸ್ಟೋಕ್ಸ್ ಮತ್ತು ಆದಿಲ್ ರಶೀದ್ ಎರಡನೆಯ ರನ್ನಿಗೆ ಓಡುತ್ತಿದ್ದರು. ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಹಾರಿ ಬಿದ್ದ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿ ಸೇರಿತು. ಅಂಪೈರ್ ಕುಮಾರ ಧರ್ಮಸೇನ ಆರು ರನ್ ಕೊಟ್ಟರು. ಆದರೆ ಗಪ್ಟಿಲ್ ಎಸೆದ ಕ್ಷಣಕ್ಕೆ ಇಬ್ಬರೂ ಎರಡನೆಯ ರನ್ನಿನಲ್ಲಿ ಇನ್ನೂ ದಾಟಿರಲಿಲ್ಲ. ಐದೇ ಆಗಬೇಕಿತ್ತು, ಮುಂದಿನ ಎಸೆತಕ್ಕೆ ರಶೀದ್ ನಿಲ್ಲಬೇಕಿತ್ತು. ಮಾಜಿ ಅಂಪೈರ್ ಸೈಮನ್ ಟಾಫೆಲ್ ಇದನ್ನು ಬಹಿರಂಗವಾಗಿ ಹೇಳಿದರು, ಮುಂದೆ ಧರ್ಮಸೇನರೂ ತಪ್ಪಾಯಿತೆಂದು ಒಪ್ಪಿಕೊಂಡರು. ಪಂದ್ಯ ಸಮವಾಯಿತು, ಗೆದ್ದವರಾರೆಂದು ತೀರ್ಮಾನಿಸಲು ಆಡಿಸಿದ ಸೂಪರ್ ಓವರೂ ಸಮವಾಯಿತು, ಬೌಂಡರಿಗಳ ಲೆಕ್ಕದಲ್ಲಿ ಇಂಗ್ಲೆಂಡ್ ಗೆದ್ದಿತು. ಧರ್ಮಸೇನರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ನಿಯಮ ಗೊತ್ತಿದ್ದರೂ ಕಣ್ಣು ಎಲ್ಲಿರಬೇಕೆಂಬುದು ಬೇರೆಯದೇ ಪ್ರಶ್ನೆ: ಫೀಲ್ಡರ್ ಎಸೆಯುವಾಗ ಅವನನ್ನೂ ನೋಡಬೇಕು, ಓಡುವ ಇಬ್ಬರು ಎಲ್ಲಿದ್ದಾರೆಂದೂ ನೋಡಬೇಕು. ಹಾಗಾಗಿ 19ನೇ ನಿಯಮದ ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದ್ದೇನೆ: "ಕೈಯಿಂದ ಚೆಂಡು ಬಿಟ್ಟಾಗ ಒಂದು ಚಿತ್ರ ತೆಗೆದುಕೋ." ಪ್ರತಿ ಎಸೆತದಲ್ಲೂ, ಓವರ್‌ಥ್ರೋ ಆಗದಿದ್ದರೂ, ಫೀಲ್ಡರ್ ಎಸೆದ ಕ್ಷಣದಲ್ಲಿ ಮನಸ್ಸಿನಲ್ಲೇ ದಾಟಿದರು ಅಥವಾ ಇಲ್ಲ ಎಂದುಕೊಳ್ಳುವುದು ಈಗ ನನಗೆ ಉಸಿರಾಟದಷ್ಟು ಸಹಜ.

ವಾರಕ್ಕೆ ಮೂರು ನಿಯಮದಂತೆ ಬರೆದರೆ ಹದಿನಾಲ್ಕು ವಾರ. ಅವಸರ ಬೇಡ. ನನ್ನ ಅನುವಾದ ಯಾರಿಗೂ ಕೊಡುವುದಿಲ್ಲ, ಕೇಳಬೇಡಿ. ಸೋದರಳಿಯನಿಗೂ ಕೊಟ್ಟಿಲ್ಲ. ನಾನು ಬರೆದದ್ದು ಓದಿದರೆ ಅವನು ಎಲ್ಲೂ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಅವನಿಗೆ ಏನೂ ಸಿಗುವುದಿಲ್ಲ.

ಕೈಗೂ ಕಲಿಸಬೇಕು

ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಡೊಂಬಿವಿಲಿಯಿಂದ ಸಿಎಸ್‌ಟಿಗೆ ನನ್ನ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗೆ ಹಾದು ಹೋಗುತ್ತಿತ್ತು. ಸುರಂಗಕ್ಕೆ ಮುಂಚೆ ಒಂದು ಸನ್ನಿವೇಶವನ್ನು ಓದಿ ಪುಸ್ತಕ ಮುಚ್ಚುತ್ತಿದ್ದೆ, ಆಚೆ ಬದಿಯ ಬೆಳಕು ಕಾಣುವುದರೊಳಗೆ ತೀರ್ಪು ಹೇಳಿಕೊಳ್ಳಬೇಕು. ಬ್ಯಾಟರ್ ಡೈವ್ ಹೊಡೆದು ಕ್ರೀಸಿನಾಚೆ ಬ್ಯಾಟ್ ಊರಿದ, ಬ್ಯಾಟ್ ಪುಟಿದು ಮೇಲೆದ್ದಾಗ ಬೇಲ್ಸ್ ಹಾರಿದವು, ಔಟೇ? ಅಲ್ಲ, 2017ರಿಂದ ಅಲ್ಲ. ಓಡುತ್ತಲೋ ಹಾರುತ್ತಲೋ ಒಮ್ಮೆ ಊರಿ ಮುಂದೆ ಹೋದವನ ನೆಲ ಅವನದೇ. ಅಂಪೈರ್ ಲೆಕ್ಕ ತಪ್ಪಿ ಓವರಿನಲ್ಲಿ ಆರರ ಬದಲು ಏಳು ಎಸೆತ ಹಾಕಿಸಿದ, ಏಳನೆಯದರಲ್ಲಿ ಬೌಲ್ಡ್? ಔಟೇ. ಅಂಪೈರ್ ಎಣಿಸಿದ್ದೇ ಓವರ್, 17ನೇ ನಿಯಮ. ವಿಕೆಟ್‌ಕೀಪರಿನ ಹಿಂದೆ ನೆಲದ ಮೇಲಿಟ್ಟ ಹೆಲ್ಮೆಟ್ಟಿಗೆ ಚೆಂಡು ತಾಗಿತು? ಐದು ಪೆನಾಲ್ಟಿ ರನ್, 28.

ಸಂಜ್ಞೆಗಳನ್ನು ಕನ್ನಡಿಯ ಮುಂದೆ ಮಾಡಿ, ಮನೆಯವರು ನಕ್ಕರೆ ನಗಲಿ. ಮುಂಬಯಿಯ ಅಂಪೈರ್ ಪೀಲೂ ರಿಪೋರ್ಟರ್ ಬಾಗಿ ಕೊಡುತ್ತಿದ್ದ ಬೌಂಡರಿ ಸಂಜ್ಞೆಯನ್ನು ಹಳಬರು ಇಂದಿಗೂ ಮಾಡಿ ತೋರಿಸುತ್ತಾರೆ. ಅದನ್ನು ಅನುಕರಿಸುವವರು ಒಂದನ್ನು ಮರೆಯುತ್ತಾರೆ: 1986ರಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ನಡುವಿನ ಲಾಹೋರ್ ಟೆಸ್ಟಿಗೆ ತಟಸ್ಥ ಅಂಪೈರ್‌ಗಳು ಬೇಕೆಂದಾಗ ಕರೆಸಿದ್ದು ಅವರನ್ನೂ ವಿ.ಕೆ. ರಾಮಸ್ವಾಮಿಯವರನ್ನೂ. ಸಂಜ್ಞೆಯ ಚೆಂದಕ್ಕೆ ಕರೆಸಿರಲಾರರು.

ನನ್ನ ತಪ್ಪಿನ ಮದ್ದೂ ಇದೇ. ಹೊಸ ತಿದ್ದುಪಡಿ ಬಂದಾಗ ಓದಿ ಗೆರೆ ಎಳೆದರೆ ಸಾಲದು, ನಿಂತು ಮಾಡಿ ನೋಡಬೇಕು. ಆ ನವೆಂಬರಿನ ಮಾರನೆಯ ದಿನ ಮನೆಯ ಹಜಾರದಲ್ಲಿ ಎರಡು ಕುರ್ಚಿಗಳನ್ನು ವಿಕೆಟ್ಟಿನಂತೆ ಇಟ್ಟು, ಕ್ಯಾಚ್ ಆಯಿತೆಂದು ಊಹಿಸಿಕೊಂಡು, ಹೊಸಬನಿಗೆ ಆಚೆ ತುದಿಯನ್ನು ಕೈ ಮಾಡಿ ತೋರಿಸಿದೆ. ಐವತ್ತು ಸಲ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ ಏನೂ ಕೇಳದೆ ಒಳಗೆ ಹೋದಳು.

ಪುಸ್ತಕದ ಮೇಲಿನ ಹಾಳೆ

ಪ್ರತಿ ಪಂದ್ಯಾವಳಿಗೂ ತನ್ನದೇ ಷರತ್ತುಗಳ ಹಾಳೆ ಇರುತ್ತದೆ. ಆ ಹಾಳೆ ಹೇಳಿದಲ್ಲಿ ಪುಸ್ತಕ ಬಾಯಿ ಮುಚ್ಚಬೇಕು, ಅದು ಹೇಳದಲ್ಲಿ ಪುಸ್ತಕದ್ದೇ ಮಾತು. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಏಂಜೆಲೋ ಮ್ಯಾಥ್ಯೂಸ್ ಟೈಮ್ಡ್ ಔಟ್ (ಗೊತ್ತುಮಾಡಿದ ಸಮಯದೊಳಗೆ ಆಡಲು ಸಿದ್ಧರಾಗದೆ ಔಟ್) ಆದದ್ದು ನೆನಪಿರಬಹುದು. ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿತ್ತು, ಬಾಂಗ್ಲಾದೇಶದ ಶಕೀಬ್ ಅಪೀಲ್ ಮಾಡಿದರು. ಮರುದಿನ ನಮ್ಮ ಲೋಕಲಿನಲ್ಲಿ ಇಡೀ ಬೋಗಿಯೇ ಮೂರು ನಿಮಿಷವೋ ಎರಡು ನಿಮಿಷವೋ ಎಂದು ಜಗಳವಾಡುತ್ತಿತ್ತು. ಎರಡೂ ಸರಿ. ಎಂಸಿಸಿಯ 40ನೇ ನಿಯಮದಲ್ಲಿ ಮೂರು ನಿಮಿಷ, ಆ ವಿಶ್ವಕಪ್ಪಿನ ಷರತ್ತುಗಳಲ್ಲಿ ಎರಡು. ಪಂದ್ಯದ ಹಿಂದಿನ ರಾತ್ರಿ ಆ ಹಾಳೆಯನ್ನು ಓದಿ, ಪುಸ್ತಕಕ್ಕಿಂತ ಬೇರೆ ಇರುವುದನ್ನು ಮಾತ್ರ ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಿ. ಬೆಳಿಗ್ಗೆ ಜೊತೆಯ ಅಂಪೈರಿನೊಂದಿಗೆ ಚಹಾ ಕುಡಿಯುತ್ತ ಅದನ್ನು ತಾಳೆ ನೋಡಿ, ಸ್ಕೋರರ್‌ಗಳನ್ನೂ ಕರೆಯಿರಿ. ಸ್ಕೋರರ್‌ಗಳ ಬಗ್ಗೆ ನನಗೆ ಎಷ್ಟು ಗೌರವ, ಅದು ಏಕೆ ಎಂದು ಮೇಲೆಯೇ ಹೇಳಿದ್ದೇನೆ.

ಮಳೆಗಾಲದ ಮಾತು ಬೇರೆ. ಡಾ. ಎಚ್.ಡಿ. ಕಾಂಗಾ ಅವರ ಹೆಸರಿನ ಲೀಗ್ 1948ರಿಂದ ಮುಂಬಯಿಯ ಮಳೆಯಲ್ಲೇ ನಡೆಯುತ್ತ ಬಂದಿದೆ. ಸೋಲುತ್ತಿರುವ ನಾಯಕ ಬಂದು "ಹುಲ್ಲು ಒದ್ದೆಯಾಗಿದೆ, ಚೆಂಡು ಸೋಪಿನ ಹಾಗಿದೆ, ಆಟ ನಿಲ್ಲಿಸಿ" ಎನ್ನುವುದು ಇಲ್ಲಿ ಮಾಮೂಲು. 2ನೇ ನಿಯಮ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ: ಹುಲ್ಲು ಮತ್ತು ಚೆಂಡು ಒದ್ದೆಯಾಗಿವೆ ಎಂಬಷ್ಟಕ್ಕೇ ಪರಿಸ್ಥಿತಿಯನ್ನು ಅಪಾಯಕಾರಿ ಎನ್ನುವಂತಿಲ್ಲ. ಬೌಲರ್ ಕಾಲೂರುವ ಜಾಗ ಜಾರಿ ಯಾರಿಗಾದರೂ ಪೆಟ್ಟಾಗುವುದು ಕಣ್ಣಿಗೆ ಕಾಣುತ್ತಿದೆಯೇ, ಅದು ಬೇರೆ ಮಾತು, ಆಗ ನಿಲ್ಲಿಸಬೇಕು. ಗಾಳಿಗೆ ಬೇಲ್ಸ್ ನಿಲ್ಲದಿದ್ದರೆ ಇಬ್ಬರೂ ಅಂಪೈರ್‌ಗಳು ಒಪ್ಪಿ ಎರಡೂ ತುದಿಯ ಬೇಲ್ಸ್ ತೆಗೆದೇ ಆಡಿಸಬಹುದು, 8ನೇ ನಿಯಮ. ಇವೆರಡು ಗೊತ್ತಿದ್ದರೆ ಜೂನ್ ಜುಲೈಯಲ್ಲಿ ಅರ್ಧ ತಲೆನೋವು ಕಡಿಮೆ.

ಪರೀಕ್ಷೆ

2022ರ ಜುಲೈಯಲ್ಲಿ ಬಿಸಿಸಿಐ ಅಹಮದಾಬಾದಿನಲ್ಲಿ ನಡೆಸಿದ ಅಂಪೈರ್ ಪರೀಕ್ಷೆಯಲ್ಲಿ ಸುಮಾರು 140 ಮಂದಿ ಕುಳಿತು ಮೂರೇ ಮಂದಿ ತೇರ್ಗಡೆಯಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಪ್ರಶ್ನೆಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬೌಲರಿನ ತೋರುಬೆರಳಿಗೆ ನಿಜವಾಗಿಯೂ ಗಾಯ, ಪಟ್ಟಿ ತೆಗೆದರೆ ರಕ್ತ ಬರುತ್ತದೆ, ತೆಗೆಯಲು ಹೇಳುತ್ತೀರಾ? ಹೇಳಬೇಕು, ಬೌಲ್ ಮಾಡಬೇಕೆಂದರೆ ತೆಗೆಯಲೇಬೇಕು. ಪಿಚ್ಚಿನ ಮೇಲೆ ಪೆವಿಲಿಯನ್ನಿನ ನೆರಳು, ಮರದ ನೆರಳು, ಫೀಲ್ಡರಿನ ನೆರಳು ಬಿದ್ದಿದೆ, ಬ್ಯಾಟರ್ ದೂರುತ್ತಾನೆ, ಏನು ಮಾಡುತ್ತೀರಿ? ಮೊದಲೆರಡನ್ನು ಕೇಳಬೇಕಾಗಿಲ್ಲ, ಫೀಲ್ಡರಿಗೆ ಅಲುಗದೆ ನಿಲ್ಲಲು ಹೇಳಬೇಕು, ಅಲುಗಿದರೆ ಡೆಡ್ ಬಾಲ್. ಇಂಥವಕ್ಕೆ ಗಿಣಿಪಾಠ ಸಾಲುವುದಿಲ್ಲ. ಬೆರಳಿನ ಪ್ರಶ್ನೆಯಲ್ಲಿ ಕರುಣೆ ಒಂದು ಕಡೆಗೆ ಎಳೆಯುತ್ತದೆ, ನಿಯಮ ಇನ್ನೊಂದು ಕಡೆಗೆ. ಪ್ರಶ್ನೆ ಬರೆದವರಿಗೆ ಅದು ಗೊತ್ತಿತ್ತು. ಮೌಖಿಕ ಪರೀಕ್ಷೆಯಲ್ಲಿ ನಿಯಮದ ಸಂಖ್ಯೆ ಮರೆತರೆ ಗಾಬರಿಯಾಗಬೇಡಿ, ತೀರ್ಪು ಹೇಳಿ, ಕಾರಣ ಹೇಳಿ, ಸಂಖ್ಯೆ ತಾನಾಗಿ ಬರುತ್ತದೆ. ಬರದಿದ್ದರೆ ಊಹಿಸಬೇಡಿ.

ಮೈದಾನದಲ್ಲಿ ಗೊತ್ತಾಗದಿದ್ದರೆ

ಗೊತ್ತಾಗದ ದಿನ ಬಂದೇ ಬರುತ್ತದೆ. ಪುಸ್ತಕವನ್ನು ಅಲ್ಲೇ ತೆರೆಯಬೇಡಿ, ಮೊಬೈಲನ್ನಂತೂ ಬೇಡವೇ ಬೇಡ. ಜೊತೆಯ ಅಂಪೈರಿನ ಬಳಿಗೆ ನಡೆದುಕೊಂಡು ಹೋಗಿ, ಓಡಬೇಡಿ. ಆಟಗಾರರು ದೂರ ಇರಲಿ. ಒಬ್ಬರು ಕಂಡದ್ದನ್ನು ಹೇಳಿ, ಇನ್ನೊಬ್ಬರು ನಿಯಮವನ್ನು ಹೇಳಲಿ. ಎರಡನ್ನೂ ಒಬ್ಬರೇ ಹೇಳಹೊರಟರೆ ಕಂಡದ್ದು ನಿಯಮಕ್ಕೆ ತಕ್ಕಂತೆ ಬಾಗತೊಡಗುತ್ತದೆ. ಸಂಜೆ ಮನೆಗೆ ಬಂದು ಸ್ನಾನಕ್ಕೂ ಮುಂಚೆ ನೋಟುಬುಕ್ಕು ತೆರೆದು ಆ ನಿಯಮದ ಎದುರಿನ ಖಾಲಿ ಪುಟದಲ್ಲಿ ನಡೆದದ್ದನ್ನು ಬರೆಯಿರಿ, ತಾರೀಕು ಸಮೇತ. ನನ್ನ ಎಡಗಡೆಯ ಪುಟಗಳು ಈಗ ಬಲಗಡೆಯವಕ್ಕಿಂತ ಹೆಚ್ಚು ತುಂಬಿವೆ.

ಸೋದರಳಿಯ ಪರೀಕ್ಷೆಗೆ ಇನ್ನೂ ಕುಳಿತಿಲ್ಲ, ಸ್ನೇಹದ ಪಂದ್ಯಗಳಿಗೆ ನಿಲ್ಲುತ್ತಿದ್ದಾನೆ. ಕಳೆದ ಭಾನುವಾರ ಊಟದ ವಿರಾಮದಲ್ಲಿ ಆಜಾದ್ ಮೈದಾನದಿಂದ ಫೋನ್ ಮಾಡಿದ. ಹಿಂದೆ ಗದ್ದಲ ಕೇಳುತ್ತಿತ್ತು.

"ಮಾವ, ಬೌಲರ್ ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಗಾಳಿಗೆ ಸ್ಟ್ರೈಕರಿನ ಕಡೆಯ ಒಂದು ಬೇಲ್ ಬಿದ್ದುಹೋಯಿತು. ನಾನು ಡೆಡ್ ಬಾಲ್ ಎಂದು ಕೂಗಿದೆ. ಅವನು ಅದೇ ಚೆಂಡನ್ನು ಸಿಕ್ಸರ್ ಹೊಡೆದ. ಈಗ ಅವರ ನಾಯಕ ನನ್ನನ್ನು ಊಟ ಮಾಡಲು ಬಿಡುತ್ತಿಲ್ಲ."

"ಬೇಲ್ ಬಿದ್ದದ್ದು ಅವನಿಗೆ ಆಡುವ ಅವಕಾಶ ಸಿಗುವ ಮುಂಚೆಯೋ, ಆಮೇಲೋ?"

"ಮುಂಚೆ. ಬಿದ್ದಿತ್ತು, ಮಾವ. ಬಿತ್ತು ಅಲ್ಲ, ಬಿದ್ದಿತ್ತು."

"ಹಾಗಾದರೆ ಊಟ ಮಾಡು" ಎಂದೆ.